ಹತ್ತರ ಮೇಲೊಂದು ಕೊಸರು

"ನನ್ನ ಹೆಸರಿನ್ಯಾಗ ಒಂದು ಸುಳ್ಳು ಪತ್ರ ಬರೀಬೇಕಂತ ಈ ಜಗತ್ತಿನ್ಯಾಗ ಒಬ್ಬ ಕಳ್ಳಗೂ ಅನಸಲಿಲ್ಲೇನು?"

ಸವಣೂರಿನ ಎಲೆ ವ್ಯಾಪಾರಿ ಮಲ್ಲಿಕಸಾಬರು ಈ ಪ್ರಶ್ನೆಯನ್ನು ಗಟ್ಟಿಯಾಗಿಯೇ ಕೇಳಿದರು. ಆದರೆ ಯಾರನ್ನೂ ಕೇಳಲಿಲ್ಲ. ಅಂಗಡಿಯಲ್ಲಿ ಆಗ ಇದ್ದವು ಒದ್ದೆ ಗೋಣಿತಟ್ಟು ಹೊದ್ದು ಮಲಗಿದ ವೀಳ್ಯದೆಲೆಯ ಬುಟ್ಟಿಗಳು ಮಾತ್ರ. ಎಲೆಗಳು ಎಂದಿನಂತೆ ತಣ್ಣಗಿದ್ದವು. ತಣ್ಣಗಿಲ್ಲದ್ದು ಮಲ್ಲಿಕಸಾಬರ ಎದೆಯೊಂದೇ.

ಕಾರಣ ಎದುರಿಗೇ ಇತ್ತು. ನೋಡುವ ಕಣ್ಣು ಈಚೆ, ಕಾಣುವ ಸಂಭ್ರಮ ಆಚೆ, ನಡುವೆ ಹದಿನೆಂಟು ಅಡಿ ಡಾಂಬರು ರಸ್ತೆ. ರಸ್ತೆಯಾಚೆ ಕರೀಮಸಾಬರ ಎಲೆ ಅಂಗಡಿ. ಅಲ್ಲಿ ಮೂರು ದಿನದಿಂದ ಕುಳಿತುಕೊಳ್ಳಲು ಜಾಗವಿರಲಿಲ್ಲ. ಯಾವನೋ ಕಳ್ಳ, ಕರೀಮಸಾಬರ ಇ-ಮೇಲ್ ವಿಳಾಸವನ್ನೇ ಮುಖವಾಡದಂತೆ ತೊಟ್ಟುಕೊಂಡು, ಸೋಲಾಪುರದ ದೊಡ್ಡ ಎಲೆ ಪೇಢಿಗೆ, ಅಂದರೆ ಇಲ್ಲಿಯ ಎಲೆ ಕೊಳ್ಳುವ ಸಗಟು ಅಂಗಡಿಗೆ, ಪತ್ರ ಬರೆದಿದ್ದ. "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಇನ್ನು ಮುಂದೆ ಇಲ್ಲಿಗೆ ಹಾಕಿರಿ" ಎಂದು. ಪೇಢಿಯ ಯಜಮಾನರಿಗೆ ಅನುಮಾನ ಬಂದು ಫೋನು ಮಾಡಿದರು, ಸುಳ್ಳು ಬಯಲಾಯಿತು. ಯಾರಿಗೂ ಏನೂ ನಷ್ಟವಾಗಲಿಲ್ಲ. ಆದರೆ ಕರೀಮಸಾಬರಿಗೆ ಆದ ಲಾಭವನ್ನು ಏನೆಂದು ವರ್ಣಿಸುವುದು! ಬಂಕಾಪುರದಿಂದ ಬೀಗರು ಬಂದರು. ಶಿಗ್ಗಾಂವಿಯಿಂದ ವ್ಯಾಪಾರಿಗಳು ಬಂದರು. ಠಾಣೆಯ ಹವಾಲ್ದಾರ ಮಾಲತೇಶ ಸ್ವತಃ ಬಂದು ಅಂಗಡಿಯ ಕುರ್ಚಿಯ ಮೇಲೆ ಅರ್ಧ ಗಂಟೆ ಕುಳಿತು ಹೋದ. ಬಂದವರೆಲ್ಲ ಒಂದೇ ಮಾತು ಹೇಳಿದರು: "ಹೆಸರು ಇದ್ದವರದ್ದ ಕದೀತಾರರಿ. ಹೆಸರ ಇಲ್ಲದವರದ್ದು ಏನ ಕದೀತಾರ?"

ಈ ಮಾತು ರಸ್ತೆ ದಾಟಿ ಬಂದು ಮಲ್ಲಿಕಸಾಬರ ಕಿವಿಗೆ ಬಿತ್ತು.

ನ್ಯಾಯವಾಗಿ ನೋಡಿದರೆ ಅವರ ಸಂಕಟಕ್ಕೆ ಅರ್ಥವಿತ್ತು. ಇಬ್ಬರದೂ ಒಂದೇ ರಸ್ತೆ, ಒಂದೇ ಎಲೆ, ಒಂದೇ ಸೋಲಾಪುರ. ಕರೀಮಸಾಬರು ಅಂಗಡಿಯ ಹೆಸರಿನಲ್ಲಿ ಸ್ವಂತ ಮೇಲ್ ವಿಳಾಸ ಕೊಂಡ ಹದಿನೈದನೆಯ ದಿನಕ್ಕೆ ಮಲ್ಲಿಕಸಾಬರೂ ಕೊಂಡಿದ್ದರು. ಅವರ ಅಂಗಡಿಗೆ ಕಂಪ್ಯೂಟರ್ ಬಂದ ವಾರಕ್ಕೆ ಇವರ ಅಂಗಡಿಗೂ ಬಂದಿತ್ತು, ಅದಕ್ಕಿಂತ ಎರಡಂಗುಲ ದೊಡ್ಡದು. ಹೀಗಿರುವಾಗ ಕಳ್ಳನಾದವನು ರಸ್ತೆಯ ಆ ಬದಿಯನ್ನಷ್ಟೇ ನೋಡಿ ಹೋಗುವುದೆಂದರೇನು?

ಅವರು ಮೊದಲು ಠಾಣೆಗೆ ಹೋದರು.

"ಒಂದು ಕಂಪ್ಲೇಂಟ್ ಕೊಡಬೇಕಾಗೇತ್ರಿ ಹವಾಲ್ದಾರ್ರ. ನನ್ನ ಹೆಸರಿನ್ಯಾಗೂ ಯಾರರ ಸುಳ್ಳು ಪತ್ರ ಬರದಾರು."

"ಬರದಾರೇನ್ರಿ?" ಎಂದ ಮಾಲತೇಶ.

"ಇನ್ನೂ ಇಲ್ಲ."

"ಹಂಗಾರ ಬರದ ಮ್ಯಾಲ ಬರ್ರಿ."

"ಅಷ್ಟರೊಳಗ ನೀವು ಒಂದ ಸಲ ಅಂಗಡಿಗೆ ಬಂದು ಕುಂತು ಹೋದ್ರ ಆಗೂದಿಲ್ಲೇನ್ರಿ? ಕರೀಮಸಾಬನ ಅಂಗಡ್ಯಾಗ ಕುಂತಿದ್ರಲ್ಲ."

"ಅಲ್ಲಿ ಅಪರಾಧ ಆಗಿತ್ರಿ ಸಾಬ್ರ. ನಿಮ್ಮ ಅಂಗಡ್ಯಾಗ ಏನಾಗೇತಿ?"

ಮಲ್ಲಿಕಸಾಬರು ಹೊರಗೆ ನಡೆದರು. ಅವರ ಅಂಗಡಿಯಲ್ಲಿ ಏನೂ ಆಗಿರಲಿಲ್ಲ. ಅದೇ ಅಲ್ಲವೇ ಅವರ ದೂರು!

ಮರುದಿನ ಎರಡೂ ಅಂಗಡಿಗೆ ಸೋಲಾಪುರದ ಪೇಢಿಯಿಂದ ಒಂದೇ ಪತ್ರ ಬಂತು. ಬರುವ ವರ್ಷದ ಪೂರಾ ಎಲೆಯನ್ನು ಸವಣೂರಿನ ಒಬ್ಬರೇ ವ್ಯಾಪಾರಿಯಿಂದ ಕೊಳ್ಳುವ ವಿಚಾರವಿದೆ, ಇಬ್ಬರೂ ದರ ತಿಳಿಸಿರಿ. ಮುಂದಿನ ವಾರ ಗುರುವಾರ ಸಂಜೆ ಐದರೊಳಗೆ ತಲುಪಬೇಕು. ಮೊನ್ನೆಯ ಸುಳ್ಳು ಪತ್ರದಿಂದ ನಾವು ಪಾಠ ಕಲಿತಿದ್ದೇವೆ. ಆದ್ದರಿಂದ ನಿಮ್ಮ ಸ್ವಂತ ವಿಳಾಸಕ್ಕೆ ಬಂದೋಬಸ್ತು ಮಾಡಿಸಿ, ಅಲ್ಲಿಂದಲೇ ಕಳಿಸಿರಿ. ಫೋನು, ವಾಟ್ಸಾಪು, ಬೇರೆ ವಿಳಾಸ ಯಾವುದೂ ನಡೆಯುವುದಿಲ್ಲ.

ಮಲ್ಲಿಕಸಾಬರ ತೋಟದ ಅರ್ಧ ಎಲೆ ವರ್ಷವೂ ಸೋಲಾಪುರಕ್ಕೇ ಹೋಗುತ್ತಿತ್ತು. ಎಲೆ ಅಕ್ಕಿಯಲ್ಲ, ಕೋಣೆಯಲ್ಲಿ ಒಟ್ಟಿ ಕಾಯಲು. ಕೊಯ್ದ ನಾಲ್ಕು ದಿನಕ್ಕೆ ಅದರ ಬಣ್ಣ ತಿರುಗುತ್ತದೆ. ಈ ವ್ಯಾಪಾರ ಕೈತಪ್ಪಿದರೆ ಅರ್ಧ ತೋಟದ ಎಲೆ ಬಳ್ಳಿಯಲ್ಲೇ ಹಣ್ಣಾಗಬೇಕು, ಮತ್ತು ಕರೀಮಸಾಬರ ಲಾರಿ ಸೋಲಾಪುರಕ್ಕೆ ಹೊರಡುವುದನ್ನು ದಿನವೂ ಕುಳಿತು ನೋಡಬೇಕು. ಎರಡರಲ್ಲಿ ಯಾವುದು ಹೆಚ್ಚು ಘೋರವೆಂದು ಅವರಿಗೆ ತೀರ್ಮಾನಿಸಲಾಗಲಿಲ್ಲ. ಬಸ್‌ಸ್ಟ್ಯಾಂಡಿನ ಬಳಿ ಕಂಪ್ಯೂಟರ್ ಸೆಂಟರ್ ಇಟ್ಟಿದ್ದ ಸಮತಾಳ ಬಳಿಗೆ ಓಡಿದರು. ಬಂಕಾಪುರದ ಈ ಹುಡುಗಿಯೇ ಸುತ್ತಲಿನ ನಾಲ್ಕೂ ತಾಲೂಕಿನ ಅಂಗಡಿಕಾರರಿಗೆ ಮೇಲ್ ವಿಳಾಸ ಮಾಡಿಕೊಟ್ಟವಳು.

"ಮೂರು ಕೆಲಸ ಅದಾವರಿ ಕಾಕಾ," ಎಂದಳು ಸಮತಾ. "ಒಂದನೇದು ಯಾದಿ. ನಿಮ್ಮ ಹೆಸರಿನ್ಯಾಗ ಪತ್ರ ಕಳಸಾಕ ಯಾರ್ಯಾರಿಗೆ ಪರವಾನಗಿ ಐತಿ ಅಂತ ಬರದು ಇಡೂದು. ಎರಡನೇದು ಮುದ್ರಿ. ಹೋಗೋ ಪ್ರತಿ ಪತ್ರದ ಮ್ಯಾಲ ನಿಮ್ಮದೊಂದು ಗುಪ್ತ ಮುದ್ರಿ ಬೀಳತೈತಿ. ಮೂರನೇದು ಅಪ್ಪಣಿ. ಯಾದಿಯೊಳಗೂ ಇಲ್ಲ, ಮುದ್ರಿನೂ ಇಲ್ಲ, ಅಂಥವ ನಿಮ್ಮ ಹೆಸರ ಹೇಳ್ಕೊಂಡು ಬಂದ್ರ ಅವನ್ನ ಏನ ಮಾಡಬೇಕು ಅಂತ ಪತ್ರ ತಗೊಳ್ಳೋ ಕಡಿಯವರಿಗೆ ಮೊದಲ ಹೇಳಿ ಇಡೂದು."

"ಏನೇನ ಮಾಡಬಹುದು?"

"ಸುಮ್ನ ನೋಡಿ ನನಗ ಸುದ್ದಿ ಮುಟ್ಟಸ್ರಿ ಅನ್ನಬಹುದು. ಇಲ್ಲಾ, ಒಳಗ ಕರ್ಕೊಂಡು ಬದಿಗೆ ಕುಂದ್ರಸ್ರಿ ಅನ್ನಬಹುದು, ಸ್ಪ್ಯಾಮಿನ್ಯಾಗ. ಇಲ್ಲಾ, ಬಾಗಲದಾಗಿಂದನ ಹೊಳ್ಳಿ ಕಳಸ್ರಿ ಅನ್ನಬಹುದು. ಅದಕ್ಕ ರಿಜೆಕ್ಟ್ ಅಂತಾರ. ಮೊದಲಿಗೆ ಒಂದೆರಡು ವಾರ ಸುಮ್ನ ನೋಡೂದು ಚೊಲೋರಿ, ನಮ್ಮ ಪತ್ರ ನಾವ ತಡದಂಗ ಆಗಬಾರದು..."

"ಕರೀಮಸಾಬ ಯಾವುದು ಹಾಕ್ಯಾನ?"

"ಅದೇನ ಗುಟ್ಟಲ್ರಿ. ಯಾದಿ, ಅಪ್ಪಣಿ ಎಲ್ಲಾ ಹೊರಗ ಬೋರ್ಡ್ ಹಾಕಿದಂಗ ಇರತಾವು, ಯಾರ ಬೇಕಾದ್ರೂ ನೋಡಬಹುದು. ಇಲ್ಲಿ ನೋಡ್ರಿ. ಅವರದು ಬದಿಗೆ ಕುಂದ್ರಸೂದು."

ಮಲ್ಲಿಕಸಾಬರು ಪರದೆಯ ಮೇಲೆ ಬಗ್ಗಿದರು. ಸೊಸೆಯ ತವರಿನಿಂದ ಬಂದ ಸೀರೆಯನ್ನು ವಾರಗಿತ್ತಿ ಪರೀಕ್ಷಿಸುವಂತೆ ಪರೀಕ್ಷಿಸಿದರು.

"ಯಾದಿಯೊಳಗ ಎಷ್ಟ ಮಂದಿ ಅದಾರ?"

"ಒಂದ. ಅವರ ಪತ್ರ ಕಳಸೋ ಮೇಲ್ ಕಂಪನಿ ಅಷ್ಟ."

"ಒಂದ?" ಮಲ್ಲಿಕಸಾಬರ ಮುಖದ ಮೇಲೆ ನಾಲ್ಕು ದಿನದಲ್ಲಿ ಮೊದಲ ಬಾರಿ ಬೆಳಕು ಮೂಡಿತು. "ಇಷ್ಟ ದೊಡ್ಡ ಮನಿತನ, ಪರವಾನಗಿ ಕೊಡಾಕ ಒಬ್ಬ ನಂಟ ಇಲ್ಲೇನು ಅವಗ? ಪಾಪ! ಬರ್ಕೋವಾ ಸಮತಾ. ಅಪ್ಪಣಿ, ಬಾಗಲದಾಗಿಂದನ ಹೊಳ್ಳಿ ಕಳಸೂದು. ಯಾದಿಯೊಳಗ, ನಮ್ಮ ಬಳಗ ಪೂರಾ."

"ಕಾಕಾ, ಬಳಗದವರು ನಿಮ್ಮ ಪತ್ರ ಬರೀತಾರೇನ್ರಿ?"

"ಬರೀಲಿ, ಬಿಡ್ಲಿ. ಬರಿಯೋ ಹಕ್ಕ ಇರಬೇಕು. ನಾಕ ಮಂದಿ ನೋಡೋ ಬೋರ್ಡಿನ್ಯಾಗ ಸ್ವಂತದವರ ಹೆಸರ ಇಲ್ಲಂದ್ರ ಮಾನ ಉಳಿತೈತೇನು?"

ಸಮತಾ ಬಹಳ ಹೇಳಿದಳು. ಅವರು ಕೇಳಲಿಲ್ಲ. ಕಡೆಗೆ ಅವಳು, "ಆತ್ರಿ, ಬಳಗದ ಅಂಗಡಿ ವಿಳಾಸ ಹಾಕೋಣು. ಆದ್ರ ಎಲ್ಲಾ ಕೂಡಿ ಹತ್ತರೊಳಗ ಇರಬೇಕ್ರಿ. ಆ ಕಡಿ ಬಾಗಲ ಕಾಯಾಂವ, ಅಂದ್ರ ಅವರ ಮೇಲ್ ಮಷಿನ್, ಹತ್ತ ಮನಿಗೆ ಹೋಗಿ ವಿಚಾರಸ್ತಾನ, ಹನ್ನೊಂದನೇ ಮನಿಗೆ ಹೋಗೂದಿಲ್ಲ. ಮುದ್ರಿ ಹಾಕಿಸಿಬಿಡ್ರಿ, ಯಾದಿ ತಪ್ಪಿದ್ರೂ ಮುದ್ರಿ ಕಾಯತೈತಿ," ಎಂದಳು.

"ಮುದ್ರಿ ಬ್ಯಾಡ. ಅಪ್ಪನ ಕಾಲದಿಂದ ಬಾಯಿಮಾತಿನ ಮ್ಯಾಲ ಎಲಿ ಮಾರೇವಿ. ಮುದ್ರಿ ಒತ್ತಿದ್ರ, ಮಾತಿನ ಮ್ಯಾಲ ನಂಬಿಗಿ ಇಲ್ಲ ಅಂತ ನಾವ ಒಪ್ಪಿಕೊಂಡಂಗ."

ಮೇಲ್ ಕಂಪನಿ ಒಂದು, ಬಳಗದವರು ಒಂಬತ್ತು, ಒಟ್ಟು ಹತ್ತು. ಹೆಂಡತಿ ದಿಲ್ಶಾದಳ ತಮ್ಮ, ಹಿರೇಕೆರೂರಿನಲ್ಲಿ ಬೀಜದ ಅಂಗಡಿ ಇಟ್ಟ ನಾಸೀರನ ಹೆಸರು ಬಳಗದಲ್ಲಿ ಮೊದಲನೆಯದಾಯಿತು. ಸಮತಾ ಒಂದು ವಾರದ ಕೆಲಸಕ್ಕೆ ಹಿರೇಕೆರೂರಿಗೆ ಹೋದಳು. ಹೋಗುವ ಮುನ್ನ ಯಾದಿಯನ್ನು ಅಂಗಡಿಯ ಕಂಪ್ಯೂಟರಿನಲ್ಲಿ ಹೇಗೆ ನೋಡಬೇಕು, ಹೇಗೆ ತಿದ್ದಬೇಕು ಎಂದು ತೋರಿಸಿಕೊಟ್ಟಳು. ಅದು ಅವಳು ಮಾಡಿದ ಒಂದೇ ತಪ್ಪು.

ಯಾದಿಯ ಸುದ್ದಿ ನಾಲ್ಕು ತಾಲೂಕಿಗೂ ಮುಟ್ಟಿತು. ಮುಟ್ಟಿಸಿದವರು ಮಲ್ಲಿಕಸಾಬರೇ. ಹೆಸರು ಇದ್ದವರು ಹಿಗ್ಗಿದರು. ನಾಸೀರ ಹಿರೇಕೆರೂರಿನಿಂದ ಐದು ಸೇರು ಗೋವಿನಜೋಳ ಕಳಿಸಿದ. ದಿಲ್ಶಾದ ನೆರೆಮನೆಯವರನ್ನು ಕರೆದು, "ನೋಡ್ರಿ, ಹೆಂಗ ನನ್ನ ತಮ್ಮನ ಹೆಸರ ಮ್ಯಾಲ ಐತಿ," ಎಂದು ಅರ್ಥವಾಗದ ಇಂಗ್ಲಿಷ್ ಅಕ್ಷರಗಳನ್ನು ಬೆರಳಿಟ್ಟು ತೋರಿಸಿದಳು.

ನಾಲ್ಕನೆಯ ದಿನ ಹಾನಗಲ್ಲಿನಿಂದ ಫೋನು ಬಂತು. ತಂಗಿ ಫರ್ಹತ.

"ಭಾಯಿ, ನಮ್ಮ ಮನಿಯವರು ಸತ್ತಾರೇನು?"

"ಅಯ್ಯ! ಏನ ಮಾತ ಆಡ್ತಿ! ಅಲ್ತಾಫ ಆರಾಮ ಇಲ್ಲೇನು?"

"ಆರಾಮ ಅದಾರ. ಅಕ್ಕಿ ಗಿರಣಿ ನಡಸಾಕತ್ತಾರ, ಮೇಲ್ ವಿಳಾಸನೂ ಐತಿ. ಯಾದಿಯೊಳಗ ಮಾತ್ರ ಇಲ್ಲ. ಭಾಬಿ ತಮ್ಮ ಅದಾನ, ಬೀಜ ಮಾರಾಂವ. ಸ್ವಂತ ತಂಗಿ ಗಂಡ ಇಲ್ಲ. ನಾ ಆ ಮನಿಗೆ ಇನ್ನ ಕಾಲಿಡೂದಿಲ್ಲ."

ಮಲ್ಲಿಕಸಾಬರು ಬೆವೆತರು. ಅಲ್ತಾಫನನ್ನು ಬಿಟ್ಟದ್ದು ದ್ವೇಷದಿಂದಲ್ಲ, ಮರೆವಿನಿಂದ. ಆದರೆ ಮರೆತೆನೆಂದು ಹೇಳುವುದು ದ್ವೇಷಕ್ಕಿಂತ ದೊಡ್ಡ ಅವಮಾನ. "ಈಗ ಹಾಕ್ತೇನಿ ತಗೋ," ಎಂದು ಕಂಪ್ಯೂಟರಿನ ಮುಂದೆ ಕುಳಿತರು.

ಹತ್ತರ ಮಿತಿ ಅವರಿಗೆ ನೆನಪಿರಲಿಲ್ಲವೆಂದಲ್ಲ. ನೆನಪಿತ್ತು. ಆದರೆ ಹತ್ತು ಎಂಬುದನ್ನು ಅವರು ಎಲೆ ವ್ಯಾಪಾರಿಯ ಕಣ್ಣಿನಿಂದ ನೋಡಿದರು. ಸವಣೂರಿನ ಪೇಟೆಯಲ್ಲಿ ನೂರು ಎಲೆ ಕೇಳಿದವನಿಗೆ ನೂರೇ ಎಣಿಸಿ ಕೊಟ್ಟವನು ವ್ಯಾಪಾರಿಯಲ್ಲ, ಜಿಪುಣ. ನೂರರ ಮೇಲೆ ನಾಲ್ಕು ಎಲೆ ಕೊಸರು ಹಾಕಬೇಕು. ಹಾಕುವವನಿಗೂ ಶೋಭೆ, ತೆಗೆದುಕೊಳ್ಳುವವನಿಗೂ ಸಂತೋಷ. ನಲವತ್ತು ವರ್ಷದಲ್ಲಿ ಕೊಸರು ಬೇಡವೆಂದ ಗಿರಾಕಿಯನ್ನು ಅವರು ಕಂಡಿರಲಿಲ್ಲ. ನೂರಕ್ಕೆ ನಾಲ್ಕು ನಡೆಯುವಾಗ ಹತ್ತಕ್ಕೆ ಒಂದು ನಡೆಯದೇ? ಅಲ್ತಾಫ ಕೊಸರಾಗಿ ಯಾದಿಯಲ್ಲಿ ಕುಳಿತ. ಫರ್ಹತ, "ಗುರುವಾರ ಬರ್ತೇನಿ, ಕಣ್ಣಾರೆ ನೋಡಬೇಕು," ಎಂದಳು.

ಗುರುವಾರ ಮುಂಜಾನೆ ಹನ್ನೊಂದಕ್ಕೆ ಮಲ್ಲಿಕಸಾಬರು ಸೋಲಾಪುರಕ್ಕೆ ದರದ ಪತ್ರ ಕಳಿಸಿದರು. ಒಂದು ನಿಮಿಷವಾಗಿರಲಿಲ್ಲ, ಒಂದು ಪತ್ರ ಬಂದು ಬಿತ್ತು. ಪೂರಾ ಇಂಗ್ಲಿಷು. ಅದರಲ್ಲಿ ಅವರಿಗೆ ಓದಲು ಬಂದದ್ದು ಎರಡೇ: ಒಂದು ಅವರ ಸ್ವಂತ ವಿಳಾಸ, ಇನ್ನೊಂದು, ತಾವೇ ಆರಿಸಿ ಹಾಕಿಸಿದ್ದರಿಂದ ಕಣ್ಣಿಗೆ ರೂಢಿಯಾಗಿದ್ದ ರಿಜೆಕ್ಟ್ ಎಂಬ ಶಬ್ದ.

ಅವರು ಕುರ್ಚಿಯಿಂದ ಎದ್ದು ನಿಂತರು. ರಸ್ತೆಗೆ ಬಂದರು. ಎರಡೂ ಕೈ ಮೇಲೆತ್ತಿದರು.

"ನೀಲಪ್ಪಾ! ಬಂದಾ! ಬಂದಾ!"

ಮೂಲೆಯ ಚಹಾದಂಗಡಿಯ ನೀಲಪ್ಪ ಸೌಟು ಹಿಡಿದೇ ಓಡಿಬಂದ. "ಯಾರ ಬಂದ್ರಿ?"

"ಕಳ್ಳ! ನನ್ನ ಹೆಸರ ಹೇಳ್ಕೊಂಡು ಬಂದಿದ್ದ! ನಮ್ಮ ಅಪ್ಪಣಿ ಅವನ್ನ ಬಾಗಲದಾಗಿಂದನ ಹೊಳ್ಳಿ ಕಳಸೇತಿ! ಇಪ್ಪತ್ತು ಚಹಾ ತಗೊಂಡು ಬಾ!"

ಈ ಜನ್ಮದಲ್ಲಿ ಮನುಷ್ಯನಿಗೆ ಬರುವ ಸಂತೋಷಗಳು ಅನೇಕ. ಮದುವೆಯಲ್ಲಿ, ಮಗು ಹುಟ್ಟಿದಾಗ, ಹಜ್ಜಿನಿಂದ ಮರಳಿದಾಗ ಮಲ್ಲಿಕಸಾಬರು ಸಂತೋಷಪಟ್ಟಿದ್ದರು. ಆದರೆ ತನ್ನ ಹೆಸರನ್ನು ಕದಿಯಲು ಒಬ್ಬ ಕೊನೆಗೂ ಬಂದನೆಂಬ ಸಂತೋಷ ಬೇರೆಯೇ ಜಾತಿಯದು. ಅದರಲ್ಲಿ ಕಣ್ಣೀರೂ ಇತ್ತು. ದರದ ಪತ್ರ ಸೋಲಾಪುರದವರ ಕಣ್ಣಿಗೆ ಬಿತ್ತೋ ಇಲ್ಲವೋ ಎಂದು ಅವರು ಅದನ್ನು ಹನ್ನೆರಡಕ್ಕೆ ಇನ್ನೊಮ್ಮೆ ಕಳಿಸಿದರು. ಕೂಡಲೇ ಎರಡನೆಯ ಕಳ್ಳ ಬಂದ, ಹೊರಗೆ ಬಿದ್ದ. ಊಟವಾದ ಮೇಲೆ ಮತ್ತೊಮ್ಮೆ ಕಳಿಸಿದರು. ಮೂರನೆಯವನು!

ಮಧ್ಯಾಹ್ನದ ಹೊತ್ತಿಗೆ ಅಂಗಡಿಯಲ್ಲಿ ಕುಳಿತುಕೊಳ್ಳಲು ಜಾಗವಿರಲಿಲ್ಲ. ಹವಾಲ್ದಾರ ಮಾಲತೇಶನನ್ನು ಕರೆಸಿ, ಕುರ್ಚಿ ಒರೆಸಿ ಕೂಡಿಸಿದ್ದರು. ಹಾನಗಲ್ ಬಸ್ಸಿನಿಂದ ಇಳಿದ ಫರ್ಹತ, ಪರದೆಯ ಮೇಲೆ ಗಂಡನ ಹೆಸರನ್ನು ನೋಡಿ ಕಣ್ಣೊರೆಸಿಕೊಂಡು, ಅಂಗಡಿಯ ಹಿಂದಿನ ಮನೆಗೆ ಹೋಗಿದ್ದಳು. ನೀಲಪ್ಪನ ಚಹಾ ಮೂರನೆಯ ಸುತ್ತಿಗೆ ಬಂದಿತ್ತು.

ಆಗ ಕರೀಮಸಾಬರು ರಸ್ತೆ ದಾಟಿ ಬಂದರು.

"ಏನ ಮಲ್ಲಿಕಸಾಬ್ರ, ಕಳ್ಳ ಬಂದಿದ್ದನಂತಲ್ರಿ?"

"ಕಳ್ಳ ಅಲ್ರಿ, ಕಳ್ಳರು. ಮೂರು ಮಂದಿ."

"ಮೂರು ಮಂದೀನ?" ಕರೀಮಸಾಬರ ದನಿ ಒಂದು ಮೆಟ್ಟಿಲು ಇಳಿಯಿತು. "ನನಗ ಒಬ್ಬನ ಬಂದಿದ್ದ."

"ಅದೂ ನಿಮ್ಮಾಂವ ಒಳಗ ಹೋಗಿದ್ದ," ಎಂದರು ಮಲ್ಲಿಕಸಾಬರು ಅತ್ಯಂತ ಮೃದುವಾಗಿ. "ನಮ್ಮವರು ಹೊಸ್ತಲಾನೂ ದಾಟಲಿಲ್ಲ ಬಿಡ್ರಿ. ಕುಂದರ್ರಿ, ಚಹಾ ಕುಡೀರಿ. ಸೋಲಾಪುರಕ್ಕ ದರಾ ಕಳಿಸಿದ್ರೇನು?"

"ಮುಂಜಾನೆ ಕಳಿಸಿದೆ. ಮುಟ್ಟೇತಿ ಅಂತ ಉತ್ತರಾನೂ ಬಂತು. ನಿಮಗ ಬರಲಿಲ್ಲೇನು?"

"ದೊಡ್ಡ ವ್ಯಾಪಾರಕ್ಕ ಉತ್ತರ ತಡಾ ಆಗಿ ಬರತೈತ್ರಿ."

ನಾಲ್ಕು ಗಂಟೆಗೆ ಸಮತಾ ಹಿರೇಕೆರೂರಿನ ಬಸ್ಸಿಳಿದು ನೇರ ಅಲ್ಲಿಗೇ ಬಂದಳು. ಜನ ಅವಳಿಗೆ ದಾರಿ ಬಿಟ್ಟರು. ಮಲ್ಲಿಕಸಾಬರು ಮೂರೂ ಪತ್ರಗಳನ್ನು ಪರದೆಯ ಮೇಲೆ ಸಾಲಾಗಿ ತೆರೆದಿಟ್ಟು, "ಎಲ್ಲಾರಿಗೂ ಕೇಳೂ ಹಂಗ ಓದವಾ," ಎಂದರು.

ಸಮತಾ ಓದಿದಳು. ಮನಸ್ಸಿನಲ್ಲಿಯೇ ಓದಿದಳು. ಇನ್ನೊಮ್ಮೆ ಓದಿದಳು.

"ಕಾಕಾ, ಒಳಗ ಹೋಗಿ ಮಾತಾಡೋಣೇನ್ರಿ?"

"ಯಾಕ? ಇವರೆಲ್ಲಾ ನಮ್ಮವರ. ಕರೀಮಸಾಬ್ರೂ ಕೇಳಲಿ. ಯಾವ ಊರಿನ ಕಳ್ಳಂತ?"

"ಸವಣೂರರಿ."

ಮಾಲತೇಶ ಟೊಪ್ಪಿಗೆ ಸರಿಮಾಡಿಕೊಂಡು ಮುಂದಕ್ಕೆ ಬಾಗಿದ. "ಎಷ್ಟೊತ್ತಿಗೆ ಬಂದಾನ?"

"ಮುಂಜಾನೆ ಹನ್ನೊಂದಕ್ಕ ಒಮ್ಮೆ, ಹನ್ನೆರಡಕ್ಕ ಒಮ್ಮೆ, ಊಟ ಆದ ಮ್ಯಾಲ ಒಮ್ಮೆ. ಸೋಲಾಪುರಕ್ಕ ಎಲಿ ದರಾ ಹೇಳ್ಯಾನರಿ."

"ಹರಾಮಖೋರ!" ಎಂದರು ಮಲ್ಲಿಕಸಾಬರು. "ಎಷ್ಟ ಹೇಳ್ಯಾನ?"

"ನೀವು ಹೇಳಿದಷ್ಟರಿ."

ಅರ್ಥವು ಒಬ್ಬೊಬ್ಬರ ಮುಖಕ್ಕೆ ಒಂದೊಂದು ಹೊತ್ತಿಗೆ ತಲುಪಿತು. ಮೊದಲು ನೀಲಪ್ಪನಿಗೆ ತಲುಪಿತು. ಅವನು ಖಾಲಿ ಲೋಟಗಳನ್ನು ಎಣಿಸುವ ನೆವದಲ್ಲಿ ಗೋಡೆಯ ಕಡೆ ತಿರುಗಿದ, ಅವನ ಬೆನ್ನು ಅಲುಗತೊಡಗಿತು. ಮಾಲತೇಶ ಚಹಾದ ಲೋಟವನ್ನು ಮೆಲ್ಲಗೆ ಕೆಳಗಿಟ್ಟ. "ಹಂಗಾರ ಈಗ ನಾ ಯಾರನ್ನ ಹಿಡೀಬೇಕ್ರಿ?"

ಕಡೆಯವರಾಗಿ ಅರ್ಥ ತಲುಪಿದ್ದು ಮಲ್ಲಿಕಸಾಬರಿಗೆ.

"ಯಾದಿಯೊಳಗ ಹನ್ನೊಂದು ಆಗ್ಯಾವರಿ ಕಾಕಾ," ಎಂದಳು ಸಮತಾ. "ಹತ್ತು ದಾಟಿದ್ರ ಬಾಗಲ ಕಾಯಾಂವ ಪೂರಾ ಯಾದೀನ ಸುಳ್ಳು ಅಂತಾನ. ಮುದ್ರಿ ಹಾಕಸಲಿಲ್ಲ. ಬಾಗಲದಾಗಿಂದನ ಹೊಳ್ಳಿ ಕಳಸ್ರಿ ಅಂತ ಅಪ್ಪಣಿ ಮಾಡಿದವರೂ ನೀವ. ಅವ ನೀವು ಹೇಳಿದಂಗ ಮಾಡ್ಯಾನ."

"ಹತ್ತಕ್ಕ ಒಂದು ಕೊಸರವಾ! ನೂರು ಎಲಿಗೆ ನಾವು ನಾಕು ಹಾಕ್ತೇವಿ..."

"ಮಷಿನ್ ಎಲಿ ತಿನ್ನೂದಿಲ್ರಿ ಕಾಕಾ. ಹತ್ತು ಅಂದ್ರ ಹತ್ತ. ಈಗ ನಾಕೂ ಇಪ್ಪತ್ತು. ಮುದ್ರಿ ಹಾಕಸಾಕ ನಾಳಿ ಮಧ್ಯಾಹ್ನ ಆಕೈತಿ. ಉಳಿದದ್ದು ಎರಡ ದಾರಿ. ಅಪ್ಪಣಿ ಇಳಿಸಿ 'ಸುಮ್ನ ನೋಡ್ರಿ' ಅಂತ ಮಾಡೋಣು. ಇಲ್ಲಾ, ಒಂದು ಹೆಸರ ತಗಿಯೋಣು. ಯಾವುದಾದ್ರೂ ಸೈ, ಹತ್ತು ಮಿನಿಟಿನ ಕೆಲಸ."

ಬುದ್ಧಿವಂತನಾದವನು ಮೊದಲನೆಯ ದಾರಿ ಹಿಡಿಯುತ್ತಿದ್ದ. ಆದರೆ ಕರೀಮಸಾಬರು ಅಲ್ಲೇ ನಿಂತಿದ್ದರು. ಅಷ್ಟೇ ಆಗಿದ್ದರೆ ನಡೆಯುತ್ತಿತ್ತು, ಅವರು ಮಲ್ಲಿಕಸಾಬರ ಹೆಗಲ ಮೇಲೆ ಕೈಯಿಟ್ಟು, ನಿಜವಾದ ಮರುಕದಿಂದ, "ಇಳಸ್ರಿ ಮಲ್ಲಿಕಸಾಬ್ರ. ಅದರಾಗ ಏನೈತಿ? ನಂದೂ ಬದಿಗೆ ಕುಂದ್ರಸೂದ ಐತಿ," ಎಂದರು.

ಆ ಒಂದು ಮರುಕ ಕೆಲಸ ಕೆಡಿಸಿತು.

"ಇಳಸೂ ಮಾತ ಇಲ್ಲ!" ಎಂದರು ಮಲ್ಲಿಕಸಾಬರು. "ಹೆಸರ ತಗಿ."

"ಯಾರದ್ರಿ? ಕಡೀಕ ಸೇರಿದ್ದು ಅಲ್ತಾಫ ಅವರದು..."

ಅಷ್ಟರಲ್ಲಿ ಹಿಂದಿನ ಮನೆಯಿಂದ ಫರ್ಹತಳ ನಗು ಕೇಳಿಸಿತು. ಅವಳು ಹಾನಗಲ್ಲಿಗೆ ವಿಡಿಯೋ ಕಾಲ್ ಮಾಡಿ, ಗಂಡನಿಗೆ ಅವನ ಹೆಸರು ಯಾದಿಯಲ್ಲಿ ಎಲ್ಲಿದೆ ಎಂದು ವರ್ಣಿಸುತ್ತಿದ್ದಳು. ಮಲ್ಲಿಕಸಾಬರು ದನಿ ತಗ್ಗಿಸಿದರು.

"ನಾಸೀರಂದು ತಗಿ. ಹಿರೇಕೆರೂರು ದೂರ ಐತಿ."

ಸಮತಾ ಗುಂಡಿ ಒತ್ತಿದಳು. "ಓಟಿಪಿ ಬರತೈತ್ರಿ. ದಿಲ್ಶಾದ ಚಿಗವ್ವನ ಫೋನಿಗೆ."

ಮಲ್ಲಿಕಸಾಬರದು ಬಟನ್ ಫೋನು. ವಿಳಾಸ ಕೊಂಡ ದಿನ ಮನೆಯಲ್ಲಿ ಒಳ್ಳೆಯ ಫೋನು ಇದ್ದದ್ದು ದಿಲ್ಶಾದಳ ಬಳಿ ಮಾತ್ರ, ಅದೇ ನಂಬರು ಕೊಟ್ಟಿದ್ದರು. ಯಾದಿಗೆ ಹೆಸರು ಸೇರಿಸುವಾಗೆಲ್ಲ ಅವಳು, "ಯಾರದು?" ಎಂದು ಕೂಡ ಕೇಳದೆ ಆರು ಅಂಕಿಯನ್ನು ರಾಗವಾಗಿ ಹೇಳಿದ್ದಳು.

ಅವರು ಒಳಗೆ ಓಡಿದರು. ದಿಲ್ಶಾದ ಅಡುಗೆಮನೆಯಲ್ಲಿ ನಾಸೀರ ಕಳಿಸಿದ ಗೋವಿನಜೋಳ ಹಸನು ಮಾಡುತ್ತಿದ್ದಳು. ಫೋನು ಟಿಂಗ್ ಎಂದಿತು.

"ದಿಲ್ಶಾದ, ನಂಬರ ಹೇಳು, ಲಗೂನ! ಐದಕ್ಕ ಸೋಲಾಪುರ ಬಂದ್ ಆಕೈತಿ."

ಅವಳು ಫೋನು ತೆಗೆದುಕೊಂಡಳು. ಅಂಕಿಗಳನ್ನು ನೋಡಿದಳು. ಬಾಯಿ ತೆರೆದಳು. ನಂತರ ಗಂಡನ ಮುಖವನ್ನು ನೋಡಿ ಬಾಯಿ ಮುಚ್ಚಿದಳು.

"ಯಾರನ್ನ ಸೇರಸಾಕತ್ತೀರಿ?"

"ಸೇರಸೂದಲ್ಲ. ಒಂದು ತಗೀಬೇಕು."

"ಯಾರದು?"

"ಅದು ಯಾವುದರ ಇರವಲ್ದ್ಯಾಕ! ತೋಟದ ಅರ್ಧ ಎಲಿ ಹೋಕ್ಕೈತಿ ದಿಲ್ಶಾದ, ಕರೀಮಸಾಬನ ಪಾಲಾಕ್ಕೈತಿ!"

"ಯಾರದು ಅಂತ ಕೇಳಿದೆ."

ಹೊರಗಿನಿಂದ ಸಮತಾ ಕೂಗಿದಳು: "ಲಗೂನರಿ ಕಾಕಾ, ಎರಡ ಮಿನಿಟಿಗೆ ಓಟಿಪಿ ಸಾಯತೈತಿ!"

"ನಾಸೀರಂದು," ಎಂದರು ಮಲ್ಲಿಕಸಾಬರು. "ನಾಸೀರ ಶಾಣ್ಯಾ. ಬ್ಯಾಸರ ಮಾಡ್ಕೊಳ್ಳೂದಿಲ್ಲ. ಒಂದ ವಾರ ಅಷ್ಟ, ಮತ್ತ ಹಾಕ್ತೇನಿ."

ದಿಲ್ಶಾದ ಪಕ್ಕದ ಕೋಣೆಯ ಕಡೆ ನೋಡಿದಳು. ಅಲ್ಲಿ ಫರ್ಹತ ಫೋನಿನಲ್ಲಿ, "ಹೌದ್ರಿ, ಅಗದೀ ಕಡೀಕ ಅಂದ್ರ ಅಗದೀ ಮುಖ್ಯ ಜಾಗಾ," ಎನ್ನುತ್ತಿದ್ದಳು.

"ನಿಮ್ಮ ತಂಗಿ ಗಂಡಂದು ಇರತೈತೇನು?"

ಮಲ್ಲಿಕಸಾಬರು ಎರಡೂ ಕೈ ಜೋಡಿಸಿದರು. ನಲವತ್ತು ವರ್ಷದಲ್ಲಿ ಯಾವ ಗಿರಾಕಿಯ ಮುಂದೆಯೂ ಜೋಡಿಸದ ಕೈಗಳು.

ದಿಲ್ಶಾದ ಫೋನನ್ನು ಸೆರಗಿನಲ್ಲಿ ಸುತ್ತಿ ಸೊಂಟಕ್ಕೆ ಸಿಗಿಸಿಕೊಂಡಳು, ಮತ್ತೆ ಮೊರ ಎತ್ತಿಕೊಂಡಳು.

"ಕೊಡಂಗಿಲ್ಲ."